ಸ್ಟೂಲಿನ ಮೇಲೊಂದು ಬಟ್ಟೆ ಗಂಟು

ಪೀಣ್ಯಕ್ಕೋ ಬೊಮ್ಮನಹಳ್ಳಿಗೋ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ ಈ ಮಾತು ಕೇಳಿರುತ್ತೀರಿ: "ಕೂತ್ಕೊಂಡೇ ಮಾಡೋ ಕೆಲಸ, ಆದ್ರೂ ಸಂಜೆ ಹೊತ್ತಿಗೆ ಕತ್ತು ಎತ್ತಕ್ಕಾಗಲ್ಲ." ವಯಸ್ಸಾಯ್ತು, ರಕ್ತ ಕಮ್ಮಿ ಅಂತ ಸುಮ್ನೆ ಸಮಾಧಾನ ಹೇಳಿಬಿಡುತ್ತೇವೆ. ಆದರೆ ಸ್ಟೂಲಿನ ಎತ್ತರ, ಮೇಜಿನ ಎತ್ತರ, ಸೂಜಿ ಎಷ್ಟು ದೂರ ಇದೆ ಅನ್ನುವುದನ್ನು ಯಾರೂ ಅಳೆದು ನೋಡುವುದಿಲ್ಲ.

ಕಾಲರ್ ಹೊಲಿಯುವ ಟೈಲರ್ ಒಬ್ಬರನ್ನು ಹತ್ತಿರದಿಂದ ನೋಡಿ. ಹೊಲಿಗೆ ಅಂಚಿನ ಮೇಲೇ ಬೀಳಬೇಕು, ಹಾಗಾಗಿ ತಲೆ ಬಗ್ಗಲೇಬೇಕು. ಕಾಲು ಪೆಡಲ್ ಮೇಲಿದೆ, ಹಿಂದಕ್ಕೆ ಒರಗುವ ಹಾಗಿಲ್ಲ. ಎಷ್ಟೋ ಕಡೆ ಒರಗಿಕೊಳ್ಳಲು ಏನೂ ಇರುವುದೂ ಇಲ್ಲ, ಬರೀ ಸ್ಟೂಲು. ನಮ್ಮ ತಲೆ ಸುಮಾರು 5 ಕಿಲೋ ತೂಗುತ್ತದೆ. ನೆಟ್ಟಗೆ ಕೂತಾಗ ಆ ಭಾರ ಬೆನ್ನುಮೂಳೆಯ ಮೇಲೆ ಕೂರುತ್ತದೆ. ಮುಂದೆ ಬಗ್ಗಿದರೆ ಕತ್ತಿನ ಹಿಂದಿನ ಸ್ನಾಯುಗಳು ಅದನ್ನು ಹಗ್ಗದ ಹಾಗೆ ಎಳೆದು ಹಿಡಿಯಬೇಕು.

ಒಂದು ಲೀಟರ್ ನೀರಿನ ಬಾಟಲಿ ತಗೊಳ್ಳಿ. ಎದೆಗೆ ಒತ್ತಿ ಹಿಡಿದರೆ ಅದು ಭಾರವೇ ಅಲ್ಲ. ಅದನ್ನೇ ಕೈ ಚಾಚಿ ಹಿಡಿದು ನೋಡಿ, ಒಂದು ನಿಮಿಷದೊಳಗೆ ಭುಜ ಉರಿಯುತ್ತದೆ. ಬಾಟಲಿಯ ತೂಕ ಅಷ್ಟೇ ಇದೆ, ಜಾಸ್ತಿಯಾಗಿದ್ದು ದೂರ. ಇದು ಸನ್ನೆಕೋಲಿನ ಲೆಕ್ಕ. ಕೈಯನ್ನು ಆಡಿಸದೆ ಹಿಡಿದಿದ್ದೂ ಒಂದು ಕಾರಣ. ಸ್ನಾಯು ಬಿಗಿಯಾದಾಗ ಅದರೊಳಗಿನ ರಕ್ತನಾಳಗಳು ಅದುಮಿಕೊಳ್ಳುತ್ತವೆ. ಬಿಗಿದು ಬಿಟ್ಟು ಮಾಡಿದರೆ ರಕ್ತ ಹರಿಯುತ್ತದೆ, ಬಿಗಿದೇ ಇಟ್ಟರೆ ಸರಿಯಾಗಿ ಹರಿಯುವುದಿಲ್ಲ. ಟೈಲರ್ ಕತ್ತು ಬಿಗಿದುಕೊಂಡೇ ಇರುವುದು ದಿನಕ್ಕೆ ಎಂಟು ಗಂಟೆ.

ಬಂಡಲ್ ಹೊರುವ ಹೆಲ್ಪರ್‌ಗೂ ಇದೇ ಲೆಕ್ಕ. ಭಾರ ಎತ್ತುವುದಕ್ಕೆ ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆಯ ಒಂದು ಸೂತ್ರವಿದೆ, 1991ರಲ್ಲಿ ಅದನ್ನು ಪರಿಷ್ಕರಿಸಿದರು. ಎಲ್ಲವೂ ಅನುಕೂಲವಾಗಿದ್ದಾಗ ಅದು ಒಪ್ಪುವ ಭಾರ 23 ಕಿಲೋ. ಅಂದರೆ ಭಾರ ಹಿಡಿದ ಕೈ ಪಾದದ ಗಿಣ್ಣುಗಳಿಂದ 25 ಸೆಂಟಿಮೀಟರ್ ಮುಂದೆ, ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿ ಇರಬೇಕು. ಅದೇ ಬಂಡಲ್ 50 ಸೆಂಟಿಮೀಟರ್ ದೂರಕ್ಕೆ ಹೋದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ, 11.5 ಕಿಲೋ! ನಡುವೆ ಒಂದು ಟ್ರಾಲಿ ಅಡ್ಡ ನಿಂತಿದ್ದರೂ ಸಾಕು, ಇಷ್ಟು ವ್ಯತ್ಯಾಸ ಆಗಿಬಿಡುತ್ತದೆ.

ಹೊಲಿಗೆ ಲೈನಿನಲ್ಲಿ ತುಂಬ ಜನ ಸ್ಟೂಲಿನ ಮೇಲೆ ಚಿಂದಿ ಬಟ್ಟೆಯ ಗಂಟು ಇಟ್ಟುಕೊಂಡು ಕೂರುತ್ತಾರೆ. ಸೂಪರ್‌ವೈಸರ್ ಕಣ್ಣಿಗೆ ಅದು ಅಶಿಸ್ತು. ನನ್ನ ಪ್ರಕಾರ ಇಡೀ ಫ್ಯಾಕ್ಟರಿಯಲ್ಲಿ ಸರಿಯಾಗಿ ಅಳತೆ ತೆಗೆದಿರುವವರು ಅವರೇ. ಮೇಜು ತಮಗಿಂತ ಎತ್ತರವಾದಾಗ ಭುಜ ಎತ್ತಿಕೊಂಡೇ ಹೊಲಿಯಬೇಕು. ಗಂಟು ಇಟ್ಟು ಮೇಲೆ ಕೂತರೆ ಭುಜ ಇಳಿಯುತ್ತದೆ. ಆದರೆ ಬಟ್ಟೆ ಕಣ್ಣಿಂದ ಇನ್ನಷ್ಟು ಕೆಳಗೆ ಹೋಗಿ ಕತ್ತು ಮತ್ತೆ ಬಗ್ಗುತ್ತದೆ. ಭುಜ ಉಳಿಸಿದರೆ ಕತ್ತು ಹೋಯ್ತು, ಅಲ್ವಾ? ಮೇಜನ್ನು ಕೂತವರ ಕಡೆಗೆ ಸ್ವಲ್ಪ ಇಳಿಜಾರು ಮಾಡಿದರೆ ಎರಡೂ ಉಳಿಯುತ್ತವೆ, ಓದುವ ಡೆಸ್ಕಿನ ಹಾಗೆ.

ಕುರ್ಚಿ ಬದಲಾಯಿಸಿದರೆ ನಿಜವಾಗಿ ನೋವು ಇಳಿಯುತ್ತದಾ? ಲಾಸ್ ಏಂಜಲೀಸಿನ 277 ಹೊಲಿಗೆ ಕೆಲಸಗಾರರ ಮೇಲೆ ನಾಲ್ಕು ತಿಂಗಳು ಇದನ್ನೇ ಪರೀಕ್ಷಿಸಿದರು. ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಎತ್ತರ ಹೊಂದಿಸಿಕೊಳ್ಳಬಹುದಾದ ಕುರ್ಚಿ ಸಿಕ್ಕವರಲ್ಲಿ ಕತ್ತು, ಭುಜದ ನೋವು ಉಳಿದವರಿಗಿಂತ ಹೆಚ್ಚು ಇಳಿಯಿತು.

ಇಸ್ತ್ರಿ ಮಾಡುವವರು, ಚೆಕಿಂಗ್‌ನವರು ನಿಂತೇ ದುಡಿಯುತ್ತಾರೆ. 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬರುವವರೆಗೆ ನಮ್ಮ 1948ರ ಕಾರ್ಖಾನೆ ಕಾಯ್ದೆಯ 44ನೇ ಸೆಕ್ಷನ್ ಅವರಿಗಾಗಿಯೇ ಇತ್ತು. ನಿಂತು ಕೆಲಸ ಮಾಡಬೇಕಾದವರಿಗೆ ನಡುವೆ ಬಿಡುವು ಸಿಕ್ಕಾಗ ಕೂರಲು ವ್ಯವಸ್ಥೆ ಇರಬೇಕು ಅನ್ನುತ್ತಿತ್ತು ಅದು. ಬಿಡುವು ಅಂದರೆ ದೊಡ್ಡದೇನಲ್ಲ. ಹಿಂದಿನ ಬಂಡಲ್ ಮುಗಿದು ಮುಂದಿನದು ಬರುವುದರೊಳಗೆ ಎರಡು ನಿಮಿಷ ಸಿಗುತ್ತದೆ. ಚೆಕಿಂಗ್ ಟೇಬಲ್ ಪಕ್ಕದಲ್ಲಿ ಒಂದು ಸ್ಟೂಲು ಇದ್ದರೆ ಆ ಎರಡು ನಿಮಿಷ ಕಾಲಿಗೆ ಸಿಗುತ್ತದೆ.