ಹಳಹಳಿಕೆಯಲ್ಲಿ ‘ಹಳೆ’ ಇಲ್ಲ

‘ಹಳೆಹಳಿಕೆಯ ಸಂಜೆ: ತೊಂಬತ್ತರ ದಶಕದ ಹಾಡು, ಗೋಲಿ ಸೋಡಾ, ನಕ್ಕು ನಲಿಯೋಣ ಬನ್ನಿ.’ ವಾಟ್ಸಾಪಿನಲ್ಲಿ ಇಂಥ ಆಮಂತ್ರಣ ಈಗ ವಾರಕ್ಕೊಂದು. ನಾಸ್ಟಾಲ್ಜಿಯಾಕ್ಕೆ ನಾವು ಬಳಸುವ ‘ಹಳಹಳಿಕೆ’ಯಲ್ಲಿ ‘ಳ’ ಇರಬೇಕಾದಲ್ಲಿ ‘ಳೆ’ ಬಂದದ್ದು ಕೈತಪ್ಪಿನಿಂದಲ್ಲ. ಪದದೊಳಗೆ ‘ಹಳೆ’ ಕೂತಿದೆ ಎಂದೇ ಬರೆದವರ ನಂಬಿಕೆ.

‘ಹಳೆ’ಯ ಹಿಂದಿರುವುದು ‘ಪೞ’. ಮೊದಲಿನ ಪಕಾರ ಹಕಾರವಾಯಿತು, ೞ ಹೋಗಿ ಳ ಸೇರಿತು. ‘ಪೞಗನ್ನಡ’ ಎಂಬ ಮಾತು ಕವಿರಾಜಮಾರ್ಗದಲ್ಲೇ ಇದೆ, ಅಂದರೆ ಇಲ್ಲೇ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ. ‘ಹಳಹಳಿಸು’ವಿನ ಕಟ್ಟು ಬೇರೆ. ಚಡಪಡಿಸು–ಚಡಪಡಿಕೆ, ಕಳವಳಿಸು, ತಳಮಳಿಸು ಇವುಗಳ ಸಾಲಿನಲ್ಲಿ ಅದನ್ನಿಟ್ಟು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಮನಸ್ಸು ಒಂದೇ ಕಡೆ ಸುತ್ತುವ ಸಂಕಟಕ್ಕೆ ಕನ್ನಡ ಜೋಡಿಸುವ ಸದ್ದು ಇದು. ಅರ್ಥ: ಕೊರಗು, ಮರುಕ.

ಎಷ್ಟು ಹಳತು ಎಂಬ ಪ್ರಶ್ನೆಯೇ ಇಲ್ಲಿಲ್ಲ. ತೊಗರಿ ಮಾರಿ ಬಂದ ಎಂಟೇ ದಿನಕ್ಕೆ ದರ ಏರಿದರೆ ರೈತ ಹಳಹಳಿಸುತ್ತಾನೆ; ಮನೆಯಾಕೆ ‘ಆಗಿದ್ದಕ್ಕ ಯಾಕ ಹಳಹಳಿ ಮಾಡ್ಕೋತಿ, ಬಿಡು’ ಅನ್ನುತ್ತಾಳೆ. ಎಂಟು ದಿನದ ಹಿಂದಿನದು ಯಾವ ಲೆಕ್ಕದಲ್ಲಿ ಹಳೆಯದು?

ನಾಸ್ಟಾಲ್ಜಿಯಾಕ್ಕೆ ಈ ಪದ ಆರಿಸಿದವರು ತಪ್ಪಲಿಲ್ಲ. 1688ರಲ್ಲಿ ಬಾಸೆಲ್‌ನ ವೈದ್ಯ ವಿದ್ಯಾರ್ಥಿ ಯೊಹಾನೆಸ್ ಹೋಫರ್ ಗ್ರೀಕಿನ ನೋಸ್ಟೋಸ್ (ಮರಳಿ ಮನೆಗೆ), ಆಲ್ಗೋಸ್ (ನೋವು) ಎರಡನ್ನೂ ಹೊಲಿದು ಆ ಹೆಸರು ಕಟ್ಟಿದ್ದು ರೋಗವೊಂದಕ್ಕೆ: ಊರು ಬಿಟ್ಟವರು ಊರಿಗಾಗಿ ಸೊರಗುವ ರೋಗ. ಹಳಹಳಿಕೆ ಆ ಹೆಸರಿನ ‘ನೋವು’ ಎಂಬ ಅರ್ಧವನ್ನು ಸರಿಯಾಗಿ ಹಿಡಿದಿದೆ. ನಾವು ನೋವು ತೆಗೆದು ಗೋಲಿ ಸೋಡಾ ಇಟ್ಟೆವು. ‘ಸವಿ ಸವಿ ಹಳಹಳಿಕೆ’ ಎಂದು ಬರೆಯುವವರು ‘ಸವಿ ಸವಿ ಹಲ್ಲುನೋವು’ ಎಂದೂ ಬರೆಯಲಿ.

ಯೆಜ್ಡಿ ಬೈಕಿನ ಬಳಗಗಳನ್ನೇ ನೋಡಿ. ಮೈಸೂರಿನ ಕಾರ್ಖಾನೆ 1996ರಲ್ಲಿ ನಿಂತಿತು. ಆಮೇಲೆ ಹುಟ್ಟಿದ ಹುಡುಗರು ಜುಲೈ ಎರಡನೆಯ ಭಾನುವಾರ ಗುಂಪುಕಟ್ಟಿ ಗಾಡಿ ಓಡಿಸುತ್ತಾರೆ, ಬಿಡಿಭಾಗ ಹುಡುಕಿಕೊಡುತ್ತಾರೆ, ಗೆಳೆತನ ಬೆಳೆಸುತ್ತಾರೆ. ಒಳ್ಳೆಯದೇ. ಅದಕ್ಕೆ ನಮ್ಮಲ್ಲಿ ‘ಶೋಕಿ’ ಎಂಬ ಚೆಂದದ ಮಾತಿದೆ, ಉರ್ದುವಿನ ಶೌಕ್‌ನಿಂದ ಬಂದದ್ದು. ಶೋಕಿಗೂ ಶೋಕಕ್ಕೂ ಒಂದು ಗುಡಿಸಿನಷ್ಟೇ ಅಂತರ, ಆದರೆ ಕಳಕೊಂಡವರಿಗೆ ಅದು ಗೊತ್ತು. ಕಲಬುರಗಿಯಲ್ಲಿ ಎಂ.ಎಸ್.ಕೆ. ಮಿಲ್ ಈಗ ಬಡಾವಣೆಯ ಹೆಸರು, ಆಟೋದವರಿಗೆ ಹೇಳುವ ಗುರುತು. ಮಹಬೂಬ್ ಶಾಹಿ ಮಿಲ್ಲಿನ ಪಾಳಿಗೆ ಹೋಗಿ ಬಂದವರು ಅದನ್ನು ನೆನೆದರೆ ಹಳಹಳಿಕೆ. ಅದರ ಹಳೇ ಫೋಟೋ ಹಂಚುವವರದು ಕುತೂಹಲ.

2014ರ ನವೆಂಬರ್ 1ರಿಂದ ಊರು ಕಲಬುರಗಿಯಾದರೂ ಬೆಂಗಳೂರಿನ ಗೆಳೆಯರ ಗುಂಪುಗಳು ‘ಗುಲ್ಬರ್ಗಾದವರು’ ಆಗಿಯೇ ಉಳಿದಿವೆ. ಅದೂ ಹಳಹಳಿಕೆಯಲ್ಲ, ರೂಢಿ. ಆ ಗುಂಪು ಎಳ್ಳಮಾಸಿಗೆ ತಾರಸಿಯ ಮೇಲೆ ಸೇರಿ ಕಾಳು, ಸೊಪ್ಪು, ತರಕಾರಿ, ಕಡಲೆಹಿಟ್ಟು, ಮಜ್ಜಿಗೆ ಹಾಕಿ ಬಜ್ಜಿ ಕುದಿಸಿದರೆ ಅದು ಹಬ್ಬ. ಅಲ್ಲಿ ಹಿರಿಯರೊಬ್ಬರು ಸಜ್ಜಿ ರೊಟ್ಟಿ ಹಿಡಿದು, ಚರಗ (ಭೂತಾಯಿಗೆ ಹೊಲದಲ್ಲಿ ಚೆಲ್ಲುವ ಎಡೆ) ಚೆಲ್ಲಲು ಹೊಲವೇ ಇಲ್ಲವಲ್ಲ ಎಂದು ನೀರಿನ ಟ್ಯಾಂಕಿನ ಕಡೆ ನೋಡುತ್ತ ನಿಂತರೆ, ಪದವನ್ನು ಆಗ ಬಳಸಿ.