ಇಂಗ್ಲಿಷ್ ವಾಕ್ಯದ ತಲೆ ನೋಡ್ರಿ, ಬಾಲ ಅಲ್ಲ

ಕಲಬುರಗಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಕ್ಲಾಸ್ ತೆಗೆದುಕೊಳ್ಳುತ್ತೇನೆ. ಜೇವರ್ಗಿ, ಆಳಂದ, ಚಿತ್ತಾಪುರ ಕಡೆಯಿಂದ ಬಂದು ರೂಮ್ ಮಾಡಿಕೊಂಡಿರುವ ಡಿಗ್ರಿ ಹುಡುಗರೇ ಜಾಸ್ತಿ. ವಾಕ್ಯದಲ್ಲಿ ಎಷ್ಟು ವಿಧ ಅಂತ ಕೇಳಿದರೆ ಗೈಡಿನಲ್ಲಿ ಇದ್ದದ್ದನ್ನು ಗಡಗಡ ಒಪ್ಪಿಸುತ್ತಾರೆ: ಡಿಕ್ಲರೇಟಿವ್ (ಸುದ್ದಿ), ಇಂಟರಾಗೇಟಿವ್ (ಪ್ರಶ್ನೆ), ಇಂಪರೇಟಿವ್ (ಅಪ್ಪಣೆ), ಎಕ್ಸ್‌ಕ್ಲಮೇಟರಿ (ಉದ್ಗಾರ). ಅದೇ ಹುಡುಗನಿಗೆ 'ಊಟ ಆಯ್ತೇನ್ರಿ' ಅನ್ನೋದನ್ನು ಇಂಗ್ಲಿಷ್‌ನಲ್ಲಿ ಕೇಳು ಅಂದರೆ 'ಯು ಏಟ್ ಲಂಚ್?' ಅನ್ನುತ್ತಾನೆ.

ದಡ್ಡ ಅಂತಲ್ಲ. ಕನ್ನಡದಲ್ಲಿ ನಮ್ಮ ಕೆಲಸವೆಲ್ಲ ವಾಕ್ಯದ ಬಾಲದಲ್ಲಿ ಆಗುತ್ತದೆ. 'ಊಟ ಆಯ್ತು' ಅಂದರೆ ಸುದ್ದಿ. ಕೊನೆಗೆ 'ಏನು' ಹಚ್ಚಿದರೆ ಪ್ರಶ್ನೆ. ಅದರ ಮೇಲೆ ಒಂದು 'ರಿ' ಹಚ್ಚಿದರೆ ಮರ್ಯಾದೆ. 'ಇಲ್ಲ' ಅನ್ನೋದೂ ಕೊನೆಗೇ ಬರುತ್ತದೆ. ಹಾಗಾಗಿ ಎದುರಿನವರು ಪೂರ್ತಿ ಹೇಳಿ ಮುಗಿಸುವ ತನಕ ನಾವು ಕಾಯುತ್ತೇವೆ. ಇಂಗ್ಲಿಷ್ ಹಾಗಲ್ಲ. ಮೊದಲ ಒಂದೆರಡು ಪದ ಕಿವಿಗೆ ಬಿದ್ದರೆ ಸಾಕು, ಬರ್ತಾ ಇರೋದು ಪ್ರಶ್ನೆಯೋ, ಅಪ್ಪಣೆಯೋ, ಸುದ್ದಿಯೋ ಅಂತ ಬಹುಪಾಲು ಗೊತ್ತಾಗಿಬಿಡುತ್ತದೆ.

ಪ್ರಶ್ನೆಯನ್ನೇ ನೋಡಿ. 'ಈಸ್', 'ಕ್ಯಾನ್', 'ವಿಲ್' ಇದ್ದರೆ ಅವೇ ಎದ್ದು ಮುಂದೆ ಬರುತ್ತವೆ: 'ಹಿ ಈಸ್ ರೆಡಿ' ಇದ್ದದ್ದು 'ಈಸ್ ಹಿ ರೆಡಿ?' ಆಗುತ್ತದೆ. 'ಈಟ್', 'ಗೋ' ತರಹದ ಕ್ರಿಯಾಪದಗಳು ಮಾತ್ರ ಕೂತಲ್ಲಿಂದ ಏಳೋದಿಲ್ಲ. ಅವಕ್ಕೆ 'ಡು' ಅನ್ನೋ ಕೂಲಿ ಆಳನ್ನು ಕರೆಯಬೇಕು. ಆಳು ಬಂದ ಮೇಲೆ ಹೊರೆಯೂ ಅವನದೇ. 'ಡಿಡ್ ಯು ಈಟ್?' ಅನ್ನುವಾಗ ಮುಗಿದ ಕಾಲವನ್ನು 'ಡಿಡ್' ಹೊತ್ತಿದೆ, ಅದಕ್ಕೇ 'ಏಟ್' ಹೋಗಿ ಬರಿಗೈಯ 'ಈಟ್' ಆಗುತ್ತದೆ. 'ಡಿಡ್ ಯು ಏಟ್' ಅಂದರೆ ಒಂದೇ ಮೂಟೆಯನ್ನು ಇಬ್ಬರ ತಲೆ ಮೇಲೆ ಹೊರಿಸಿದ ಹಾಗೆ. ಗೆಳೆಯರ ನಡುವೆ ದನಿ ಏರಿಸಿ 'ಯು ಆರ್ ಕಮಿಂಗ್?' ಅಂತ ಕೇಳೋದು ಇಂಗ್ಲಿಷ್ ಮಾತಾಡುವವರಲ್ಲೂ ಇದೆ, ಅದನ್ನು ತಪ್ಪು ಅನ್ನಲಾರೆ. ಪರೀಕ್ಷೆಯಲ್ಲಿ ಬರೆದರೆ ಮಾರ್ಕ್ಸ್ ಹೋಗುತ್ತದೆ ಅಷ್ಟೇ.

ಇಷ್ಟು ಕಲಿತ ಮೇಲೆ ಹುಡುಗರು ಇನ್ನೊಂದು ಕಡೆ ಜಾರುತ್ತಾರೆ. 'ಟೆಲ್ ಮಿ ವೇರ್ ಈಸ್ ದಿ ಬಸ್ ಸ್ಟ್ಯಾಂಡ್' ಅನ್ನುತ್ತಾರೆ. ಇಲ್ಲಿ ತಲೆಯಲ್ಲಿ ಕೂತಿರೋದು 'ಟೆಲ್ ಮಿ', ಅಂದರೆ ಇಡೀ ವಾಕ್ಯ ಪ್ರಶ್ನೆ ಅಲ್ಲ, ಅಪ್ಪಣೆ. ಒಳಗಿನ ಭಾಗ ಮತ್ತೆ ಸುದ್ದಿಯ ಸಾಲಿನಲ್ಲೇ ಕೂರಬೇಕು: 'ವೇರ್ ದಿ ಬಸ್ ಸ್ಟ್ಯಾಂಡ್ ಈಸ್'.

ಅಪ್ಪಣೆಯ ವಾಕ್ಯಕ್ಕೆ ಗೈಡಿನಲ್ಲಿ ಎರಡು ಸಾಲು ಇರುತ್ತದೆ. ನನ್ನ ಪ್ರಕಾರ ಹೊಡೆತ ಬೀಳೋದು ಅಲ್ಲೇ. ನಮ್ಮ ವಿದ್ಯಾರ್ಥಿಯೊಬ್ಬ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಲಿನವರಿಗೆ 'ಗಿವ್ ಮಿ ಒನ್ ವೀಕ್' ಅಂತ ಮೇಲ್ ಹಾಕಿದ. ಅವನ ಮನಸ್ಸಿನಲ್ಲಿ ಇದ್ದದ್ದು 'ಒಂದು ವಾರ ಕೊಡ್ರಿ'. ಆ 'ರಿ' ಮೇಲ್ ಜೊತೆ ಹೋಗಲೇ ಇಲ್ಲ! ಅಲ್ಲಿ ಓದಿದವರಿಗೆ ಕಂಡದ್ದು 'ಒಂದು ವಾರ ಕೊಡು'. ಕನ್ನಡಕ್ಕೆ ಬಾ, ಬರ್ರಿ ಎರಡೂ ಇವೆ, ಇಂಗ್ಲಿಷ್‌ಗೆ 'ಕಮ್' ಒಂದೇ. ಮಗುವಿಗೂ ಅದೇ, ಮ್ಯಾನೇಜರಿಗೂ ಅದೇ. 'ಪ್ಲೀಸ್' ಸೇರಿಸಿದರೆ ಸ್ವಲ್ಪ ಮೆತ್ತಗಾಗುತ್ತದೆ, ಪೂರ್ತಿ ಅಲ್ಲ. ಅದಕ್ಕೇ ಇಂಗ್ಲಿಷ್‌ನವರು ಅಪ್ಪಣೆಗೆ ಪ್ರಶ್ನೆಯ ಅಂಗಿ ಹಾಕಿಸುತ್ತಾರೆ: 'ಕುಡ್ ಯು ಗಿವ್ ಮಿ ಒನ್ ವೀಕ್?' ನೋಡೋದಕ್ಕೆ ಇಂಟರಾಗೇಟಿವ್, ಮಾಡೋದು ಬೇಡಿಕೆಯ ಕೆಲಸ. ಇದಕ್ಕೆ ಯಾರಾದರೂ 'ಯೆಸ್, ಐ ಕುಡ್' ಅಂದು ಸುಮ್ನೆ ಕೂತರೆ ತಮಾಷೆ ಮಾಡ್ತಿದ್ದಾರೆ ಅಂತಲೇ ಅರ್ಥ.

ಎಕ್ಸ್‌ಕ್ಲಮೇಟರಿ ಬಗ್ಗೆ ಜಾಸ್ತಿ ಹೇಳೋದಿಲ್ಲ. 'ವಾಟ್ ಎ ಹಾಟ್ ಡೇ!' ಅಂತ ಕಲಬುರಗಿಯ ಏಪ್ರಿಲ್‌ನಲ್ಲಿ ಕಲಿಸೋದು ಸುಲಭ. ತಲೆಯಲ್ಲಿ 'ವಾಟ್' ಇದ್ದರೂ ಇದು ಪ್ರಶ್ನೆ ಅಲ್ಲ, ಏಕೆಂದರೆ ಮುಂದೆ ಕ್ರಿಯಾಪದ ತಿರುಗಿಲ್ಲ: 'ವಾಟ್ ಎ ಹಾಟ್ ಡೇ ಇಟ್ ಈಸ್!'

ಸಿಂಪಲ್ (ಒಂದೇ ವಾಕ್ಯ), ಕಾಂಪೌಂಡ್ (ಸರಿಸಮ ವಾಕ್ಯಗಳ ಜೋಡಣೆ), ಕಾಂಪ್ಲೆಕ್ಸ್ (ಒಂದು ವಾಕ್ಯದ ಒಳಗೆ ಇನ್ನೊಂದು) ಅನ್ನೋದು ಬೇರೆಯೇ ಲೆಕ್ಕ. 'ಸರ್, ಇದು ಸಿಂಪಲ್ಲೋ ಡಿಕ್ಲರೇಟಿವ್ವೋ?' ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ಎರಡೂ ಆಗಬಹುದು. ಒಂದು ಹೆಸರು ವಾಕ್ಯ ಮಾಡುವ ಕೆಲಸಕ್ಕೆ, ಇನ್ನೊಂದು ಅದರ ಕಟ್ಟಡಕ್ಕೆ. ಸಿಂಪಲ್ ಅಂದರೆ ಚಿಕ್ಕದು ಅಂತಲೂ ಅಲ್ಲ. 'ಐ ನೋ ಹಿ ಕೇಮ್' ನಾಲ್ಕೇ ಪದ, ಆದರೆ ಕಾಂಪ್ಲೆಕ್ಸ್. 'ನೋ' ಒಂದು ಕ್ರಿಯಾಪದ, 'ಕೇಮ್' ಇನ್ನೊಂದು, ಪ್ರತಿಯೊಂದಕ್ಕೂ ಅದರದೇ ಕರ್ತೃ ಇದೆ.

ಇಲ್ಲೂ ಕನ್ನಡದ ಬಾಲ ಎಳೆಯುತ್ತದೆ. 'ಮುಂಜಾನೆ ಎದ್ದು, ರೊಟ್ಟಿ ತಿಂದು, ಬಸ್ ಹಿಡಿದು ಊರಿಂದ ಬಂದೆ' ಅನ್ನುವಾಗ ಪೂರ್ತಿ ಕ್ರಿಯಾಪದ ಒಂದೇ, ಅದೂ ಕೊನೆಗೆ. ಅದನ್ನೇ ಹುಡುಗರು 'ಐ ವೋಕ್ ಅಪ್, ಐ ಏಟ್ ರೊಟ್ಟಿ, ಐ ಕಾಟ್ ದಿ ಬಸ್, ಐ ಕೇಮ್' ಅಂತ ಬರೀ ಕಾಮಾದಲ್ಲಿ ಪೋಣಿಸುತ್ತಾರೆ. 'ಐ' ಒಂದು ಸಲ ಹೇಳಿ, ಕೊನೆಯ ಕ್ರಿಯಾಪದದ ಮುಂದೆ 'ಆ್ಯಂಡ್' ಇಟ್ಟರೆ ಮುಗೀತು. 'ಬಂದರೆ' ಅನ್ನೋದರ 'ರೆ' ಇಂಗ್ಲಿಷ್‌ನಲ್ಲಿ 'ಇಫ್' ಆಗಿ ಮುಂದೆ ಬರುತ್ತದೆ, 'ಬಂದರೂ' ಅನ್ನೋದರ 'ರೂ' 'ಆಲ್‌ದೋ' ಆಗಿ ಮುಂದೆ ಬರುತ್ತದೆ. ಹಾಗೆ ಬಂದ ಮೇಲೆ ನಡುವೆ ಮತ್ತೆ 'ಬಟ್' ಬೇಡ. 'ಮಳೆ ಬಂದರೂ ಆದರೆ ಹೋದೆ' ಅಂತ ನಾವೂ ಅನ್ನೋದಿಲ್ಲ, ಅಲ್ವಾ?

ಹೋದ ತಿಂಗಳು ಹೀಗೆ ತಲೆ, ತಲೆ ಅಂತ ಪಾಠ ಮಾಡುತ್ತಿದ್ದಾಗ ಬೀದರ್ ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. 'ಸರ್, ಯು ಆರ್ ಫ್ರಮ್ ಕಲಬುರಗಿ, ಆರಂಟ್ ಯು? ಅಂತೀವಲ್ರಿ, ಅದ್ರಾಗ ಪ್ರಶ್ನೆ ಬಾಲದಾಗೇ ಅದ.' ಸಿಕ್ಕಿಬಿದ್ದೆ. ಅದರ ಹೆಸರು ಟ್ಯಾಗ್ ಕ್ವೆಶ್ಚನ್. ನಮ್ಮ 'ಹೌದಿಲ್ಲೋ' ಎಲ್ಲ ವಾಕ್ಯಕ್ಕೂ ಒಂದೇ ಇರುತ್ತದೆ, ಇಂಗ್ಲಿಷ್‌ನ ಬಾಲ ಮಾತ್ರ ಪ್ರತಿ ಸಲ ತಲೆ ನೋಡಿ ಬದಲಾಗುತ್ತದೆ. 'ಆರ್' ಇದ್ದರೆ 'ಆರಂಟ್', 'ಕೇಮ್' ಇದ್ದರೆ 'ಡಿಡಂಟ್'. ಎಲ್ಲದಕ್ಕೂ 'ಇಸಂಟ್ ಇಟ್' ಅಂಟಿಸೋದು ನಮ್ಮವರ ರೂಢಿ. ಅವತ್ತಿನ ಉಳಿದ ಮುಕ್ಕಾಲು ಗಂಟೆ ಆ ಬಾಲಕ್ಕೇ ಹೋಯಿತು.