ಪಾಚಿಯೂ ಬ್ಯಾಕ್ಟೀರಿಯಾವೂ ಕೂಡಿ ತೊಳೆಯುವ ಕೊಳಚೆ ನೀರು

ಕೊಳಚೆ ನೀರು ಶುದ್ಧೀಕರಿಸುವ ಘಟಕಗಳಲ್ಲಿ ಹಗಲೂ ರಾತ್ರಿ ಬ್ಲೋವರ್‌ಗಳು ಗಾಳಿ ಊದುತ್ತಲೇ ಇರುತ್ತವೆ. ನೀರಿನಲ್ಲಿರುವ ಹೊಲಸನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಸಿಗಬೇಕಲ್ಲ, ಅದಕ್ಕೆ. 1914ರಲ್ಲಿ ಮ್ಯಾಂಚೆಸ್ಟರ್‌ನ ರಸಾಯನತಜ್ಞರಾದ ಆರ್ಡರ್ನ್ ಮತ್ತು ಲಾಕೆಟ್ ಪ್ರಕಟಿಸಿದ ಈ ವಿಧಾನ ಇಂದಿಗೂ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಘಟಕದ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಅರ್ಧ ಪಾಲು ಗಾಳಿ ಊದುವುದಕ್ಕೇ ಹೋಗುತ್ತದೆ.

ಆದರೆ ಈ ಆಮ್ಲಜನಕ ಹೊರಗಿನಿಂದಲೇ ಬರಬೇಕೆಂದೇನೂ ಇಲ್ಲ. ಬ್ಯಾಕ್ಟೀರಿಯಾ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿ ಬಿಸಿಲಿನಲ್ಲಿ ಬೆಳೆಯುವ ಸೂಕ್ಷ್ಮಪಾಚಿ, ನೀರಿನೊಳಗೇ ಆಮ್ಲಜನಕ ಬಿಡುತ್ತದೆ. ಕ್ಯಾಲಿಫೋರ್ನಿಯಾದ ಎಂಜಿನಿಯರ್ ವಿಲಿಯಂ ಓಸ್ವಾಲ್ಡ್ 1950ರ ದಶಕದಲ್ಲೇ ಇದಕ್ಕೆ ತಕ್ಕ ಕೊಳಗಳನ್ನು ರೂಪಿಸಿದರು. ಬೆಳಕು ಸಿಗಲೆಂದು ಇಂಥ ಕೊಳಗಳ ಆಳ ಸಾಮಾನ್ಯವಾಗಿ 30 ಸೆಂ.ಮೀ. ಆಸುಪಾಸು, ನಿಧಾನವಾಗಿ ತಿರುಗುವ ಚಕ್ರ ನೀರನ್ನು ಸುತ್ತಿಸುತ್ತಿರುತ್ತದೆ. ಕೆರೆಗಳನ್ನು ಕೆಡಿಸುವ ಸಾರಜನಕ, ರಂಜಕಗಳನ್ನೂ ಪಾಚಿ ತನ್ನ ಬೆಳವಣಿಗೆಗೆ ಬಳಸಿಕೊಳ್ಳುತ್ತದೆ. ಮಧ್ಯಾಹ್ನ ಪಾಚಿ ಜೋರಾಗಿ ಬೆಳೆಯುವಾಗ ನೀರಿನ ಪಿಎಚ್ 9 ದಾಟಿ ನೀರು ಕ್ಷಾರೀಯವಾಗುವುದುಂಟು. ಆಗ ಒಂದಿಷ್ಟು ಅಮೋನಿಯಾ ಆವಿಯಾಗಿ ಹಾರಿಹೋಗುತ್ತದೆ. ಅದನ್ನು ಶುದ್ಧೀಕರಣದ ಲೆಕ್ಕಕ್ಕೆ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ನೀರಿನ ಮಾಲಿನ್ಯ ಗಾಳಿಗೆ ಹೋಯಿತು, ಅಷ್ಟೇ.

ನಿಜವಾದ ಕಷ್ಟವಿರುವುದು ಪಾಚಿಯನ್ನು ನೀರಿನಿಂದ ಬೇರ್ಪಡಿಸುವುದರಲ್ಲಿ. ಕ್ಲೋರೆಲ್ಲಾ ಎಂಬ ಸೂಕ್ಷ್ಮಪಾಚಿಯ ಒಂದು ಕೋಶ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕದು, ತೂಕವೂ ಹೆಚ್ಚುಕಡಿಮೆ ಅಷ್ಟೇ ಗಾತ್ರದ ನೀರಿನಷ್ಟೇ. ಕೋಶಗಳ ಮೈಮೇಲೆಲ್ಲ ಋಣ ವಿದ್ಯುದಾವೇಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ, ತಳಕ್ಕಿಳಿಯುವುದೇ ಇಲ್ಲ. ಹಾಗೆಯೇ ಹೊರಗೆ ಹರಿಯಬಿಟ್ಟರೆ ಹೀರಿಕೊಂಡ ರಂಜಕವೂ ಜೊತೆಗೇ ಹರಿದುಹೋಗುತ್ತದೆ. ಪಾಚಿ ಸತ್ತು ಕೊಳೆತು ಹೊಳೆಯ ಆಮ್ಲಜನಕವನ್ನೂ ನುಂಗುತ್ತದೆ.

ಇಲ್ಲಿಯೂ ನೆರವಿಗೆ ಬರುವುದು ಬ್ಯಾಕ್ಟೀರಿಯಾವೇ. ಅದು ಸ್ರವಿಸುವ ಅಂಟು ಪಾಚಿಯ ಕೋಶಗಳನ್ನು ಹಿಡಿದು ಕಟ್ಟುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಂದು ಮುದ್ದೆಯೊಳಗೆ ಹಸಿರು ಚುಕ್ಕೆಗಳು ಸಿಕ್ಕಿಕೊಂಡಿರುವುದು ಕಾಣುತ್ತದೆ. ತಳಕ್ಕಿಳಿದ ಮುದ್ದೆಯಲ್ಲಿ ಒಂದು ಪಾಲನ್ನು ಮತ್ತೆ ಕೊಳಕ್ಕೆ ಬಿಡುತ್ತಾ ಹೋದರೆ, ಬೇಗ ಇಳಿಯುವ ಜಾತಿಗಳೇ ಕ್ರಮೇಣ ಮೇಲುಗೈ ಪಡೆಯುತ್ತವೆ.

ರಾತ್ರಿ ಪಾಚಿಯೂ ಆಮ್ಲಜನಕ ಬಳಸುತ್ತದೆ, ಚಳಿಗಾಲದಲ್ಲಿ ಬೆಳವಣಿಗೆ ಕುಗ್ಗುತ್ತದೆ. ಬ್ಲೋವರ್ ಇರುವ ತೊಟ್ಟಿಯಲ್ಲಿ ಗಂಟೆಗಳಲ್ಲಿ ಮುಗಿಯುವ ಕೆಲಸಕ್ಕೆ ಇಲ್ಲಿ ದಿನಗಳೇ ಬೇಕು, ಜಾಗವೂ ಹೆಚ್ಚು. ಆದ್ದರಿಂದ ದಟ್ಟ ನಗರಗಳಿಗಿಂತ ಬಿಸಿಲೂ ಬಯಲೂ ಇರುವ ಸಣ್ಣ ಊರುಗಳಿಗೆ ಇದು ಹೊಂದುತ್ತದೆ. ಅಲ್ಲಿ ಸಿಗುವ ಹಸಿರು ಮುದ್ದೆಯನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿ ಮೀಥೇನ್ ಪಡೆಯಬಹುದು. ಅದನ್ನು ಉರಿಸಿದಾಗ ಬರುವ ಇಂಗಾಲದ ಡೈಆಕ್ಸೈಡನ್ನು ಮತ್ತೆ ಪಾಚಿಗೇ ಉಣಿಸಬಹುದು.